ಬರಿಯ ಮಣ್ಣಿನಲ್ಲಿ ಹುಲ್ಲುಹಾಸು: ನಂದಿಯ ಸುತ್ತಿನ ನಾಲ್ಕು ತಾಲ್ಲೂಕುಗಳಲ್ಲಿ ಗರಿಕೆಯನ್ನು ಬೀಜದಿಂದ ಬೆಳೆಸುವ ಕ್ರಮ

ಇತಿಹಾಸದ ಅಧ್ಯಾಪಕನೊಬ್ಬನು ಹುಲ್ಲು ಬೆಳೆಸುವ ವಿಷಯವಾಗಿ ಬರೆಯಹೊರಟರೆ ವಾಚಕರಿಗೆ ಆಶ್ಚರ್ಯವೆನಿಸುವುದು ಸಹಜ. ಆದರೆ ಈ ಲೇಖನಕ್ಕೆ ಕಾರಣರಾದವರು ನನ್ನ ವಿದ್ಯಾರ್ಥಿಗಳೇ. ಪ್ರತಿ ವರ್ಷವೂ ನಾವು ಅವರನ್ನು ನಂದಿಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೂ ಅಲ್ಲಿಂದ ಮುಂದೆ ಬೆಟ್ಟಕ್ಕೂ ಕರೆದೊಯ್ಯುವ ರೂಢಿಯುಂಟು. ಶಿಲ್ಪವನ್ನೂ ಶಾಸನವನ್ನೂ ನೋಡಿ ಬಂದವರು ಮರುದಿನ ತರಗತಿಯಲ್ಲಿ ಕೇಳುವ ಪ್ರಶ್ನೆ ಮಾತ್ರ ಬೇರೆ: “ಸಾರ್, ಅಲ್ಲಿ ಇರುವಂಥ ಹಸಿರು ಹಾಸು ನಮ್ಮ ಕಾಲೇಜಿನ ಮುಂದೆ ಏಕಿಲ್ಲ?” ನಮ್ಮ ಕಟ್ಟಡದ ಮುಂದೆ ಇದ್ದುದು ಬರಿಯ ಕೆಂಪು ನೆಲ. ಬೇಸಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಇಂಥ ಅಂಗಳವುಳ್ಳ ವಿದ್ಯಾಸಂಸ್ಥೆಗಳು ಅನೇಕವಾಗಿರುವುದರಿಂದ, ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ನಾವು ಕಲಿತದ್ದನ್ನು, ತಪ್ಪುಗಳನ್ನೂ ಸೇರಿಸಿ, ಇಲ್ಲಿ ನಿವೇದಿಸಲಾಗಿದೆ.

ಮೊದಲು ವಸ್ತುವಿನ ಪೂರ್ವೋತ್ತರವನ್ನು ಸ್ವಲ್ಪ ನೋಡುವುದು ಯುಕ್ತ. ಹುಲ್ಲು ನಮ್ಮ ನಾಡಿನ ದಾಖಲೆಗಳಿಗೆ ಹೊಸತಲ್ಲ. ಊರ ದನಗಳ ಮೇವಿಗೆಂದು ಬಿಟ್ಟ ನೆಲ ಗೋಮಾಳ. ಕಂದಾಯದ ಪುಸ್ತಕಗಳಲ್ಲಿ ಹುಲ್ಲುಗಾವಲಿಗೆ ಹುಲ್ಲುಬನ್ನಿ ಎಂಬ ಹೆಸರೂ ಉಂಟು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದು, ಅದರ ದನಗಳಿಗಾಗಿ ವಿಶಾಲವಾದ ಕಾವಲುಗಳು ಮೀಸಲಾದುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಆದರೆ ಇವೆಲ್ಲವೂ ದನದ ಬಾಯಿಗಾಗಿ ಬೆಳೆದ, ಅಥವಾ ಬೆಳೆಯಲು ಬಿಟ್ಟ ಹುಲ್ಲು. ಕಣ್ಣಿನ ಸಂತೋಷಕ್ಕಾಗಿ, ಮೇಲಾಗಿ ದನವನ್ನು ಹೊರಗಿಟ್ಟು, ಸಮನಾಗಿ ಕತ್ತರಿಸಿ ಬೆಳೆಸುವ ಹುಲ್ಲುಹಾಸು ಇಂಗ್ಲೆಂಡಿನ ಸಿರಿವಂತರ ಬಂಗಲೆಗಳಿಂದ ಹೊರಟದ್ದು. ಅಲ್ಲಿಯೂ ಅದು ಬಹುಕಾಲ ಕೂಲಿಯಾಳುಗಳ ಕುಡುಗೋಲನ್ನು ನೆಚ್ಚಿಕೊಂಡಿದ್ದ ದುಬಾರಿ ಅಲಂಕಾರವಾಗಿತ್ತು. ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡಿಂಗ್ ಎಂಬುವನು 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ಅದು ಮಧ್ಯಮ ವರ್ಗದವರ ಮನೆಯಂಗಳಕ್ಕೂ ಇಳಿಯಿತು.

ನಮ್ಮ ಕಡೆಗೆ ಇದು ಬಂದ ದಾರಿಗಳಲ್ಲಿ ನಂದಿಬೆಟ್ಟವೂ ಒಂದೆನ್ನಲಡ್ಡಿಯಿಲ್ಲ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಈ ದುರ್ಗವನ್ನು ಹಿಡಿಯಿತು. ಮುಂದೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ಇಲ್ಲಿ ಬೇಸಗೆಯ ಮನೆಯನ್ನು ಮಾಡಿಕೊಂಡಿದ್ದರು. 4851 ಅಡಿ ಎತ್ತರದ ಆ ನೆತ್ತಿಯ ಮೇಲೆ ಬೆಳಗಿನ ಮಂಜು, ತಂಪು ಗಾಳಿ, ಮೋಡದ ನೆರಳು ಎಲ್ಲವೂ ಇವೆ. ಅಲ್ಲಿ ಹುಲ್ಲು ಹಸಿರಾಗಿರುವುದರಲ್ಲಿ ತೋಟಗಾರರ ಶ್ರಮ ಎಷ್ಟೋ, ಎತ್ತರದ ಕೊಡುಗೆಯೂ ಅಷ್ಟೇ. ಬೆಟ್ಟದ ಬುಡದ ಭೋಗನಂದೀಶ್ವರದ ಸಂಗತಿ ಇನ್ನೊಂದು ಬಗೆ. 806ರ ತಾಮ್ರಶಾಸನದಲ್ಲಿ ಬಾಣ ದೊರೆಯ ರಾಣಿ ರತ್ನಾವಳಿಯು ನಂದಿಯಲ್ಲಿ ಕಟ್ಟಿಸಿದ ಶಿವಾಲಯದ ಪ್ರಸ್ತಾಪವಿದೆ. ಆ ರಾಣಿಯು ತನ್ನ ದೇವಾಲಯದ ಸುತ್ತ ಕತ್ತರಿಸಿದ ಹುಲ್ಲುಹಾಸನ್ನು ಕಲ್ಪಿಸಿಕೊಂಡಿರಲಾರಳು. ದೇವರ ಪೂಜೆಗೆ ಹೂ ಬಿಡುವ ನಂದನವನವು ನಮ್ಮ ಸಂಪ್ರದಾಯ. ಸ್ಮಾರಕದ ಸುತ್ತ ಹುಲ್ಲುಹಾಸು ಬೆಳೆಸುವ ಪದ್ಧತಿಯು 1899ರಿಂದ 1905ರವರೆಗೆ ವೈಸರಾಯನಾಗಿದ್ದ ಕರ್ಜನ್ನನ ಅಭಿರುಚಿಗೆ ಬಹಳಮಟ್ಟಿಗೆ ಋಣಿಯಾಗಿದೆ. ತಾಜಮಹಲಿನ ತೋಟವು ಇಂದಿನ ತೆರೆದ ಹಸಿರಿನ ರೂಪಕ್ಕೆ ತಿರುಗಿದುದು ಅವನ ಕಾಲದಲ್ಲಿ. ಪುರಾತತ್ತ್ವ ಇಲಾಖೆಯು ಇದಕ್ಕಾಗಿ ಉದ್ಯಾನ ಶಾಖೆಯೊಂದನ್ನೇ ಇಂದಿಗೂ ಇಟ್ಟುಕೊಂಡಿದೆ. ಆದುದರಿಂದ ನನ್ನ ವಿದ್ಯಾರ್ಥಿಗಳು ನಂದಿಗ್ರಾಮದಲ್ಲಿ ‘ಪ್ರಾಚೀನ’ವೆಂದು ಮೆಚ್ಚಿದ ನೋಟದಲ್ಲಿ ಹಸಿರಿನ ಭಾಗಕ್ಕೆ ನೂರಿಪ್ಪತ್ತು ವರ್ಷಗಳಿಗಿಂತ ಹೆಚ್ಚು ವಯಸ್ಸಿರಲಾರದು. ಇದನ್ನು ಹೇಳಿದಾಗ ಅವರು ನಿರಾಶರಾಗಲಿಲ್ಲ. ಹಾಗಾದರೆ ನಾವೂ ಮಾಡಬಹುದಲ್ಲ ಎಂದರು.

ಮಾಡಿದೆವು, ಮೊದಲ ಸಲ ಕೆಟ್ಟಿತು. ಪಟ್ಟಣದ ಅಂಗಡಿಯೊಂದರಲ್ಲಿ ಚಿತ್ರವುಳ್ಳ ಪೊಟ್ಟಣವನ್ನು ಕೊಂಡು, ಅದರ ಮೇಲೆ ಅಚ್ಚಾಗಿದ್ದ ಸೂಚನೆಯನ್ನು ಅಕ್ಷರಶಃ ಪಾಲಿಸಿ, ಫೆಬ್ರವರಿಯಲ್ಲಿ ಬಿತ್ತಿದೆವು. ‘ವಸಂತದ ಆರಂಭದಲ್ಲಿ’ ಎಂದು ಅದರಲ್ಲಿತ್ತು. ಎರಡು ವಾರದಲ್ಲಿ ನೆಲವೆಲ್ಲ ಎಳೆಹಸಿರಾಯಿತು. ಎಲ್ಲರೂ ಬಂದು ನೋಡಿ ಹೋದರು. ಏಪ್ರಿಲ್ ನಡುವಿನ ಹೊತ್ತಿಗೆ ದಿನಕ್ಕೆರಡು ಬಾರಿ ನೀರು ಹೊಯ್ದರೂ ಅದು ಹಳದಿಯಾಗಿ, ಅನಂತರ ಒಣಗಿದ ನೂಲಿನಂತಾಗಿ, ಒಂದು ಗಾಳಿಗೆ ಹಾರಿಹೋಯಿತು. ಆ ಬೇಲಿಯ ಪಕ್ಕದಲ್ಲಿ ಹೊಲವಿರುವ ವೃದ್ಧರೊಬ್ಬರು ಇದನ್ನೆಲ್ಲ ಮೊದಲಿನಿಂದ ನೋಡುತ್ತಿದ್ದರಂತೆ. “ಮೊದಲೇ ಹೇಳಬಾರದಿತ್ತೇ, ತಾತ?” ಎಂದು ಕೇಳಿದೆ. “ಓದಿದೋರು ಏನೋ ಲೆಕ್ಕ ಇಟ್ಟಿರ್ತೀರ ಅಂದ್ಕೊಂಡೆ. ಶಿವರಾತ್ರಿ ಮುಂದಿಟ್ಕೊಂಡು ಯಾರಾದ್ರೂ ರಾಗಿ ಚೆಲ್ತಾರಾ, ಮೇಷ್ಟ್ರೇ?” ಎಂದರು. ಈ ಲೇಖನದ ತಿರುಳು ಆ ಪ್ರಶ್ನೆಯಲ್ಲಿಯೇ ಇದೆ.

ನಾವು ಬಿತ್ತಿದುದು ರೈ ಎಂಬ ಹುಲ್ಲು. ಹುಲ್ಲುಹಾಸಿನ ಸಸ್ಯಗಳನ್ನು ಶಾಸ್ತ್ರಜ್ಞರು ಎರಡು ವರ್ಗಗಳಾಗಿ ವಿಂಗಡಿಸುತ್ತಾರೆ. ರೈ, ಫೆಸ್ಕ್ಯೂ, ಬೆಂಟ್, ಕೆಂಟಕಿಯ ನೀಲಿ ಹುಲ್ಲು ಮೊದಲಾದವು ತಂಪು ಹವೆಯವು. ಇಂಗ್ಲೆಂಡಿನ ಪುಸ್ತಕಗಳೂ ಪೊಟ್ಟಣಗಳೂ ಹೇಳುವುದು ಬಹುತೇಕ ಇವುಗಳನ್ನು ಕುರಿತು. ಸೆಖೆ ಏರಿದಂತೆ ಇವು ಬಿಸಿಲಿನಿಂದ ಆಹಾರವನ್ನು ತಯಾರಿಸುವ ಕಾರ್ಯದಲ್ಲಿ ಸೋಲುತ್ತವೆ. ನೀರು ಕೊಟ್ಟರೂ ಚೇತರಿಸಿಕೊಳ್ಳಲಾರವು. ಗರಿಕೆ, ಕೊರಿಯನ್ ಹುಲ್ಲು ಮುಂತಾದವು ಬಿಸಿ ಹವೆಯವು. ಇವುಗಳ ಎಲೆಯ ಒಳರಚನೆಯೇ ಬೇರೆಯಾಗಿದ್ದು, ಪ್ರಖರವಾದ ಬಿಸಿಲಿನಲ್ಲಿ, ಕಡಿಮೆ ನೀರಿನಲ್ಲಿ ಹೆಚ್ಚು ಬೆಳೆಯಬಲ್ಲವು. ರಾಗಿ, ಜೋಳ, ಕಬ್ಬುಗಳೂ ಈ ಎರಡನೆಯ ವರ್ಗಕ್ಕೆ ಸೇರಿದವು. ಅಂದರೆ ಗರಿಕೆಯು ಕೃಷಿಯ ದೃಷ್ಟಿಯಿಂದ ರಾಗಿಯ ನೆಂಟ, ರೈ ಹುಲ್ಲಿನ ನೆಂಟನಲ್ಲ.

ಇಲ್ಲಿ ಒಂದು ವಿಪರ್ಯಾಸವನ್ನು ಹೇಳದೆ ಮುಂದೆ ಹೋಗಲಾಗುವುದಿಲ್ಲ. ಗರಿಕೆಯು ಗಣಪತಿಗೆ ಪ್ರಿಯವಾದರೂ ರಾಗಿ ಹೊಲದಲ್ಲಿ ಅದಕ್ಕಿಂತ ಹಠದ ಕಳೆ ವಿರಳ. ಗೆಣ್ಣು ಗೆಣ್ಣಿಗೂ ಬೇರು ಬಿಡುವ ಅದರ ಬಳ್ಳಿಯನ್ನು ರೈತನು ಗುದ್ದಲಿಯಿಂದ ಅಗೆದು, ಹೆಕ್ಕಿ, ಬದುವಿನ ಮೇಲೆ ಒಣಹಾಕುತ್ತಾನೆ. ಅದೇ ಹುಲ್ಲು ಅಮೆರಿಕದಲ್ಲಿ ಬರ್ಮುಡಾ ಎಂಬ ಹೆಸರನ್ನು ಪಡೆದು, ಅರಿಜೋನ, ಕ್ಯಾಲಿಫೋರ್ನಿಯಗಳ ಹೊಲಗಳಲ್ಲಿ ಬೀಜಕ್ಕಾಗಿಯೇ ಬೆಳೆದು, ಪೊಟ್ಟಣದಲ್ಲಿ ಕುಳಿತು ನಮ್ಮ ಪೇಟೆಗೆ ಬರುತ್ತದೆ. ಹೊಲದವನು ಕೂಲಿ ಕೊಟ್ಟು ಕೀಳಿಸುವುದನ್ನು ಪಟ್ಟಣದವನು ದುಡ್ಡು ಕೊಟ್ಟು ಬಿತ್ತುತ್ತಾನೆ! ಈ ಕಾರಣದಿಂದ ಹೊಲಕ್ಕೆ ತಾಗಿಕೊಂಡ ಅಂಗಳದಲ್ಲಿ ಗರಿಕೆ ಬಿತ್ತುವವರು ನಡುವೆ ಒಂದು ಗೇಣು ಆಳದ ಕಲ್ಲಿನ ಅಂಚನ್ನು ಕೂರಿಸುವುದು ನೆರೆಯವರ ಮೇಲಿನ ಮರ್ಯಾದೆ.

ಬೀಜವೇ ಏಕೆ, ಬದುವಿನ ಗರಿಕೆಯನ್ನು ತಂದು ನೆಟ್ಟರಾಗದೆ ಎಂದು ಕೇಳಬಹುದು. ಆಗುತ್ತದೆ, ನಮ್ಮ ಮಾಲಿಗಳು ತಲೆಮಾರುಗಳಿಂದ ಮಾಡಿಕೊಂಡು ಬಂದಿರುವುದೂ ಅದನ್ನೇ. ಕಡಿಮೆ ಜಾಗಕ್ಕೆ ಅದು ಸುಲಭ. ಕೊರಿಯನ್ ಹುಲ್ಲಿಗೂ ಬೀಜ ಕಟ್ಟದ ಮಿಶ್ರತಳಿಗಳಿಗೂ ಕಡ್ಡಿ ನೆಡುವುದೇ ಇಲ್ಲಿ ರೂಢಿಯಲ್ಲಿರುವ ದಾರಿ. ಆದರೆ ಅಗೆದು ತಂದ ಹುಲ್ಲಿನೊಡನೆ ತುಂಗೆಯ ಗಡ್ಡೆಯೂ ಬರುತ್ತದೆ. ಒಮ್ಮೆ ಬಂದ ತುಂಗೆ ಮತ್ತೆ ಹೋಗುವುದಿಲ್ಲ. ಇನ್ನು ಚಾಪೆಯಂತೆ ಸುತ್ತಿ ಮಾರುವ ಸಿದ್ಧ ಹುಲ್ಲುಹಾಸನ್ನು ನಾನು ಶಿಫಾರಸು ಮಾಡಲಾರೆ. ಪ್ರತಿಯೊಂದು ಚಾಪೆಯೂ ಯಾವುದೋ ಹೊಲದ ಮೇಲ್ಮಣ್ಣಿನ ಒಂದು ಬೆರಳು ದಪ್ಪವನ್ನು ಹೊತ್ತು ತರುತ್ತದೆ. ನಮ್ಮ ಅಂಗಳದ ಅಂದಕ್ಕಾಗಿ ಇನ್ನೊಬ್ಬರ ಹೊಲವನ್ನು ಸುಲಿಯುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಹೆಚ್ಚು ಜಾಗ, ಕಡಿಮೆ ಹಣ, ಕಾಯುವ ತಾಳ್ಮೆ ಇವಿದ್ದಲ್ಲಿ ಬೀಜವೇ ಉತ್ತಮ.

ಈಗ ಕಾಲದ ವಿಚಾರ. ಈ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 700ರಿಂದ 750 ಮಿಲಿಮೀಟರಿನಷ್ಟು. ಅದರ ಹಂಚಿಕೆಯೇ ಮುಖ್ಯ. ಮೇ ತಿಂಗಳಲ್ಲಿ ಗುಡುಗಿನೊಡನೆ ಬರುವ ಮುಂಗಾರು ಪೂರ್ವದ ಮಳೆಗಳು. ಜುಲೈಯಲ್ಲಿ ಮೋಡ, ಗಾಳಿ, ಜಿನುಗು. ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ ವರ್ಷದ ಅತ್ಯಂತ ಹೆಚ್ಚಿನ ಮಳೆ. ರಾಗಿಯ ರೈತನು ತನ್ನ ವರ್ಷವನ್ನು ಇದಕ್ಕೆ ಸರಿಯಾಗಿ ಹೊಂದಿಸಿಕೊಂಡಿದ್ದಾನೆ. ಮೇ ತಿಂಗಳ ಮಳೆಗೆ ಉಳುತ್ತಾನೆ, ರೋಹಿಣಿ ಮೃಗಶಿರಗಳಲ್ಲಿ ಮತ್ತೆ ಮತ್ತೆ ಉತ್ತು ಕಳೆಯನ್ನು ಕೊಲ್ಲುತ್ತಾನೆ, ಪುನರ್ವಸು ಪುಷ್ಯಗಳಲ್ಲಿ ಎಂದರೆ ಸುಮಾರಾಗಿ ಜುಲೈ 6ರಿಂದ ಆಗಸ್ಟ್ 2ರ ಒಳಗೆ ಬಿತ್ತುತ್ತಾನೆ. ಜಿನುಗುಮಳೆಯು ಬೀಜವನ್ನು ಕೊಚ್ಚದೆ ಮೊಳೆಯಿಸುತ್ತದೆ. ಮೋಡವು ಮೇಲ್ಮಣ್ಣನ್ನು ಬೇಗ ಒಣಗಗೊಡುವುದಿಲ್ಲ. ಉತ್ತರೆ ಹಸ್ತೆಗಳ ಜಡಿಮಳೆ ಬರುವ ಹೊತ್ತಿಗೆ ಪೈರಿನ ಬೇರು ಇಳಿದಿದ್ದು ಆ ನೀರನ್ನು ಕುಡಿಯಲು ಸಿದ್ಧವಾಗಿರುತ್ತದೆ. 1800ನೆಯ ಇಸವಿಯಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ರಾಗಿಯ ಬೇಸಾಯವನ್ನು ಎಷ್ಟು ವಿವರವಾಗಿ ದಾಖಲಿಸಿದ್ದಾನೆಂದರೆ, 1807ರಲ್ಲಿ ಅಚ್ಚಾದ ಅವನ ಗ್ರಂಥವನ್ನು ಓದುವ ನಮ್ಮ ವಿದ್ಯಾರ್ಥಿಗಳು ಅದನ್ನು ಕಂದಾಯದ ಆಕರವೆಂದಷ್ಟೇ ನೋಡುವುದು ನಷ್ಟವೇ ಸರಿ. ಅದು ಮಣ್ಣಿನ ಆಕರವೂ ಹೌದು.

ಗರಿಕೆಯ ಬೀಜಕ್ಕೂ ಇದೇ ಪಂಚಾಂಗ ಹೊಂದುತ್ತದೆ. ಮಣ್ಣಿನ ಉಷ್ಣತೆ 20 ಡಿಗ್ರಿ ಸೆಲ್ಷಿಯಸಿಗೆ ಕಡಿಮೆಯಾದರೆ ಅದು ಮೊಳೆಯಲು ಬಹಳ ಹಿಂಜರಿಯುತ್ತದೆ. ಜುಲೈಯಲ್ಲಿ ನಮ್ಮ ಬಯಲಿನ ಮಣ್ಣು ಅದಕ್ಕಿಂತ ಬೆಚ್ಚಗೆ ಇರುತ್ತದೆ. ಚಳಿಗಾಲದಲ್ಲಿ ಬಿತ್ತಿದರೆ ಬೀಜ ಇರುವೆಯ ಪಾಲು. ಬೇಸಗೆಯಲ್ಲಿ ಬಿತ್ತಿದರೆ ಮೊಳೆಯುವುದೇನೋ ಸರಿ, ಮೇಲ್ಮಣ್ಣನ್ನು ಒದ್ದೆಯಾಗಿಡಲು ದಿನಕ್ಕೆ ನಾಲ್ಕು ಬಾರಿ ನೀರು ಬೇಕು. ಸೆಪ್ಟೆಂಬರಿನಲ್ಲಿ ಬಿತ್ತಿದರೆ ಒಂದು ರಾತ್ರಿಯ ಮಳೆಗೆ ಬೀಜವೆಲ್ಲ ಚರಂಡಿಯ ಬಾಯಲ್ಲಿ ಸೇರುತ್ತದೆ. ಹೀಗಾಗಿ ಪುನರ್ವಸುವಿನಿಂದ ಆಶ್ಲೇಷದ ಮೊದಲ ಭಾಗದವರೆಗಿನ ನಾಲ್ಕೈದು ವಾರಗಳೇ ನಮಗೆ ದಕ್ಕುವ ಕಾಲ.

ಆದರೆ ಕೆಲಸವು ಜುಲೈಯಲ್ಲಿ ಆರಂಭವಾಗುವುದಿಲ್ಲ. ಮೇ ತಿಂಗಳಲ್ಲಿ ಆರಂಭವಾಗುತ್ತದೆ. ಮೊದಲ ಹದವಾದ ಮಳೆ ಬಿದ್ದು ಎರಡು ದಿನಗಳಾದ ಮೇಲೆ, ಮಣ್ಣನ್ನು ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಪುಡಿಯಾಗುವಾಗ, ನೆಲವನ್ನು ಒಂದು ಗೇಣು ಆಳಕ್ಕೆ ಅಗೆಯಬೇಕು. ಹೊಸ ಕಟ್ಟಡದ ಮುಂದಿನ ನೆಲದಲ್ಲಿ ಗಾರೆಯ ಚೂರು, ಸಿಮೆಂಟಿನ ಗಡ್ಡೆ, ಇಟ್ಟಿಗೆಯ ತುಂಡುಗಳು ಹೂತಿರುವುದು ಖಂಡಿತ. ನಮ್ಮ ನೂರು ಚದರ ಮೀಟರಿನಲ್ಲಿ ಅವು ಮೂವತ್ತು ಮಂಕರಿಗೂ ಮಿಕ್ಕಿ ಬಂದವು. ಇವುಗಳನ್ನು ಬಿಟ್ಟರೆ ಮುಂದೆ ಅಲ್ಲಲ್ಲಿ ಹುಲ್ಲು ಒಣಗಿದ ವೃತ್ತಗಳು ಕಾಣಿಸಿಕೊಂಡು ಕಾರಣ ತಿಳಿಯದೆ ನೀರು ಹೆಚ್ಚಿಸುತ್ತ ಹೋಗುತ್ತೇವೆ. ತುಂಗೆಯ ಗಡ್ಡೆಯನ್ನು ಕೈಯಿಂದಲೇ ಹೆಕ್ಕಬೇಕು. ಗುದ್ದಲಿಯ ಪೆಟ್ಟಿಗೆ ಸರಪಳಿ ತುಂಡಾದರೆ ಒಂದು ಗಿಡ ಹತ್ತಾಗುತ್ತದೆ. ತುಂಗೆ ವಿಪರೀತವಿರುವಲ್ಲಿ ಏಪ್ರಿಲಿನಲ್ಲಿಯೇ ನೆಲವನ್ನು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಮುಚ್ಚಿ ಹೊದಿಸಿ, ಐದಾರು ವಾರ ಬಿಸಿಲಿಗೆ ಬೇಯಿಸುವುದುಂಟು. ಪಾರ್ಥೇನಿಯಂ ಮುಂತಾದ ಬೀಜದ ಕಳೆಗಳಿಗೆ ಅದು ಮೇಲಾದ ಮದ್ದು, ಗಡ್ಡೆಗೆ ಅರ್ಧ ಮದ್ದು.

ಬಳಿಕ ಗೊಬ್ಬರ. ನಮ್ಮ ಕೆಂಪು ಮಣ್ಣು ಮರಳುಮಿಶ್ರಿತವಾದುದು, ಸಾವಯವ ಅಂಶ ಕಡಿಮೆ. ಬಿರುಮಳೆ ಬಿದ್ದು ಬಿಸಿಲು ಬಂದರೆ ಮೇಲಿನ ಪದರವು ಬಿಗಿದು ಹಪ್ಪಳದಂತಾಗುತ್ತದೆ. ರಾಗಿಯ ಮೊಳಕೆಗೇ ಅದನ್ನು ಒಡೆದು ಬರುವುದು ಕಷ್ಟ. ಒಂದು ಗ್ರಾಂ ರಾಗಿಯಲ್ಲಿ ಸುಮಾರು ಮುನ್ನೂರೈವತ್ತು ಕಾಳುಗಳಿದ್ದರೆ, ಒಂದು ಗ್ರಾಂ ಗರಿಕೆಯ ಬೀಜದಲ್ಲಿ ನಾಲ್ಕು ಸಾವಿರದಷ್ಟು ಬೀಜಗಳಿರುತ್ತವೆ. ರಾಗಿಯ ಹತ್ತರಲ್ಲಿ ಒಂದು ಪಾಲಿನ ಆ ಕಣಕ್ಕೆ ಎಷ್ಟು ಬಲವಿದ್ದೀತು? ಆದುದರಿಂದ ಮೇಲ್ಮಣ್ಣು ಬಿಗಿಯದಂತೆ ಮಾಡುವುದೇ ಬೀಜದ ಹುಲ್ಲುಹಾಸಿನ ಮುಕ್ಕಾಲು ರಹಸ್ಯ. ಚದರ ಮೀಟರಿಗೆ ಎರಡೂವರೆಯಿಂದ ಮೂರು ಕಿಲೋಗ್ರಾಂ ಪೂರ್ತಿಯಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನು ಮೇಲಿನ ನಾಲ್ಕು ಅಂಗುಲದಲ್ಲಿ ಬೆರೆಸಬೇಕು. ‘ಪೂರ್ತಿಯಾಗಿ’ ಎಂಬ ಮಾತಿಗೆ ಒತ್ತು ಕೊಡುತ್ತೇನೆ: ಅರೆಗಳಿತ ತಿಪ್ಪೆಯು ಕಳೆಯ ಬೀಜದ ಕಣಜ. ಶಿಡ್ಲಘಟ್ಟದವರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ರೇಷ್ಮೆಮನೆಗಳ ಹುಳುವಿನ ಹಿಕ್ಕೆಯೂ ಉಳಿದ ಹಿಪ್ಪುನೇರಳೆ ಸೊಪ್ಪೂ ಗುಂಡಿಯಲ್ಲಿ ಕೊಳೆತು ಆಗುವ ಗೊಬ್ಬರವು ಸತ್ತ್ವಯುತವಾದುದು. ಕೆರೆಗೋಡು ದೊರೆಯುವ ಕಡೆ ಅದನ್ನು ತೆಳುವಾಗಿ ಹರಡಿ ಬೆರೆಸಬಹುದು. ದಪ್ಪವಾಗಿ ಹಾಕಿದರೆ ಜೇಡಿಯ ಅಂಶದಿಂದ ಬಿಗಿತ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗದು.

ನೆಲವನ್ನು ಮಟ್ಟ ಮಾಡುವಾಗ ಕಟ್ಟಡದಿಂದ ಹೊರಕ್ಕೆ ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಇರಲಿ. ಇದಾದ ಮೇಲೆ ಬಿತ್ತಬೇಕೆಂಬ ಆತುರ ಬರುತ್ತದೆ, ಬಿತ್ತಕೂಡದು. ರೋಹಿಣಿಯ ಮಳೆಗೆ ಮಣ್ಣಿನಲ್ಲಿ ಅಡಗಿರುವ ಕಳೆಯೆಲ್ಲ ಏಳುತ್ತದೆ. ಎರಡೆಲೆಯಾದಾಗ ಅದನ್ನು ಮೇಲಿಂದ ಮೇಲೆ ಕೆರೆದು ತೆಗೆಯಬೇಕು, ಆಳವಾಗಿ ಅಗೆಯಬಾರದು. ಅಗೆದರೆ ಕೆಳಗಿನ ಬೀಜ ಮೇಲೆ ಬರುತ್ತದೆ. ಆರಿದ್ರೆಯಲ್ಲಿ ಎರಡನೆಯ ಬಾರಿ ಹೀಗೆಯೇ. ಮಳೆ ತಪ್ಪಿದರೆ ಒಮ್ಮೆ ನೀರು ಚಿಮುಕಿಸಿ ಕಳೆಯನ್ನು ‘ಕರೆದು’ ಕೊಲ್ಲುವುದು. ರೈತನು ಬಿತ್ತುವ ಮುನ್ನ ಎರಡು ಮೂರು ಬಾರಿ ಉಳುವುದರ ಉದ್ದೇಶಗಳಲ್ಲಿ ಇದೂ ಒಂದು. ನಮ್ಮ ಎರಡನೆಯ ಪ್ರಯತ್ನ ಗೆದ್ದುದಕ್ಕೆ ಈ ಒಂದೂವರೆ ತಿಂಗಳ ಕಾಯುವಿಕೆಯೇ ಕಾರಣವೆಂದು ನನ್ನ ದೃಢವಾದ ಅಭಿಪ್ರಾಯ. ಪ್ರತಿದಿನ ಬರಿನೆಲವನ್ನು ನೋಡುತ್ತ ಹೋಗುತ್ತಿದ್ದ ಸಹೋದ್ಯೋಗಿಗಳ ನಗೆಯನ್ನು ಸಹಿಸಿಕೊಳ್ಳುವುದೊಂದೇ ಕಷ್ಟ.

ಬಿತ್ತುವ ಮುನ್ನ ನೆಲವನ್ನು ಒತ್ತಬೇಕು. ಸಡಿಲವಾದ ಮಣ್ಣಿನಲ್ಲಿ ಬೀಜವು ಆಳಕ್ಕೆ ಜಾರಿ ಸಾಯುತ್ತದೆ. ಉರುಳೆಯಿಲ್ಲದಿದ್ದರೆ ಹತ್ತು ಮಂದಿ ವಿದ್ಯಾರ್ಥಿಗಳು ಸಾಲಾಗಿ ನಿಂತು ಬರಿಗಾಲಿನಲ್ಲಿ ಮೆಟ್ಟುತ್ತ ಹೋದರೆ ಸಾಕು. ಹೆಜ್ಜೆಯ ಗುರುತು ಅರ್ಧ ಅಂಗುಲಕ್ಕಿಂತ ಆಳವಾಗದಿದ್ದರೆ ನೆಲ ಸಿದ್ಧವಾಯಿತೆಂದು ತಿಳಿಯಬೇಕು. ಮತ್ತೆ ಮೇಲ್ಮೈಯನ್ನು ಹಲ್ಲಿನ ಕುಂಟೆಯಿಂದ ನವಿರಾಗಿ ಗೀರಬೇಕು.

ಬೀಜವನ್ನು ಕೊಳ್ಳುವಾಗ ಸಿಪ್ಪೆ ತೆಗೆದದ್ದೇ ಎಂದು ಕೇಳಿ ಕೊಳ್ಳುವುದು ಮೇಲು. ಅದು ಒಂದರಿಂದ ಎರಡು ವಾರಗಳಲ್ಲಿ ಮೊಳೆಯುತ್ತದೆ, ಸಿಪ್ಪೆಯುಳ್ಳದ್ದು ಮೂರು ವಾರಗಳನ್ನೂ ತೆಗೆದುಕೊಳ್ಳಬಹುದು. ಚದರ ಮೀಟರಿಗೆ 5ರಿಂದ 8 ಗ್ರಾಂ ಸಾಕು. ಐದು ಗ್ರಾಮೆಂದರೆ ಇಪ್ಪತ್ತು ಸಾವಿರ ಬೀಜ. ಅರ್ಧಕ್ಕರ್ಧ ಸತ್ತರೂ ಉಳಿದದ್ದು ಬಳ್ಳಿ ಬಿಟ್ಟು ಹಬ್ಬುತ್ತದೆ. ಹೆಚ್ಚು ಚೆಲ್ಲಿದರೆ ಒತ್ತಾಗಿ ಮೊಳೆತು ಬುಡ ಕೊಳೆಯುತ್ತದೆ. ಇಷ್ಟು ಸಣ್ಣ ಬೀಜವನ್ನು ಹಾಗೆಯೇ ಎರಚಿದರೆ ಗಾಳಿಯ ದಿಕ್ಕಿಗೆ ರಾಶಿಯಾಗುತ್ತದೆಯಾದುದರಿಂದ ಅದರ ಹತ್ತು ಪಟ್ಟು ಜರಡಿಯಾಡಿದ ಒಣ ಮರಳಿನೊಡನೆ ಬೆರೆಸಬೇಕು. ಬೆರೆಸಿದ್ದನ್ನು ಎರಡು ಪಾಲು ಮಾಡಿ, ಒಂದನ್ನು ಪೂರ್ವಪಶ್ಚಿಮವಾಗಿಯೂ ಇನ್ನೊಂದನ್ನು ಉತ್ತರದಕ್ಷಿಣವಾಗಿಯೂ ನಡೆಯುತ್ತ ಎರಚಿದರೆ ಒಂದರ ತೆರವನ್ನು ಇನ್ನೊಂದು ತುಂಬುತ್ತದೆ. ನಾನು ಓದಿ ತಿಳಿದುಕೊಂಡಿದ್ದ ಈ ಸೂತ್ರವನ್ನು ಆ ವೃದ್ಧರಿಗೆ ವಿವರಿಸಹೋದೆ. ಅವರು ಮರಳಿನ ಬುಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಣಿಕಟ್ಟನ್ನು ಮಾತ್ರ ಆಡಿಸುತ್ತ ಹೆಜ್ಜೆಗೊಂದು ಹಿಡಿಯಂತೆ ಚೆಲ್ಲಿಕೊಂಡು ಹೋದರು. ನಾನು ಎರಚಿದ ಅರ್ಧಕ್ಕೂ ಅವರು ಎರಚಿದ ಅರ್ಧಕ್ಕೂ ಇದ್ದ ಅಂತರ ಮೂರು ವಾರಗಳ ಮೇಲೆ ಎಲ್ಲರ ಕಣ್ಣಿಗೂ ಬಿತ್ತು.

ಮೇಲೆ ಮುಚ್ಚುವ ಮಣ್ಣು ಅತ್ಯಲ್ಪ: ಮೂರರಿಂದ ಐದು ಮಿಲಿಮೀಟರು, ಜರಡಿಯಾಡಿದ ಗೊಬ್ಬರ ಮಣ್ಣುಗಳ ಮಿಶ್ರಣ. ಅದಕ್ಕಿಂತ ಆಳಕ್ಕೆ ಹೋದ ಬೀಜ ಹೊರಗೆ ಬರುವುದಿಲ್ಲ. ಅದರ ಮೇಲೆ ತೆಳುವಾಗಿ ಹುಲ್ಲು ಹೊದಿಸುವುದು ಮಳೆಯ ಹನಿಯ ಪೆಟ್ಟನ್ನು ತಡೆಯಲು ಸಹಾಯಕ. ಆದರೆ ರಾಗಿಹುಲ್ಲನ್ನು ಹೊದಿಸಿದರೆ ಹುಲ್ಲುಹಾಸಿಗೆ ಬದಲು ರಾಗಿಯ ಒಟ್ಟಲು ಎದ್ದೀತು; ತೆಂಗಿನ ಗರಿಯನ್ನಾಗಲಿ ಹಳೆಯ ಗೋಣಿಯನ್ನಾಗಲಿ ಹೊದಿಸಿ, ಮೊಳಕೆ ಕಂಡ ದಿನ ಸಂಜೆ ತೆಗೆಯಬೇಕು. ಇರುವೆಯ ಕಾಟಕ್ಕೆ ಅಂಚಿನ ಸುತ್ತ ಬೇವಿನ ಹಿಂಡಿಯನ್ನು ಉದುರಿಸಿದೆವು. ಪೂರ್ಣ ಫಲ ಸಿಕ್ಕಿತೆಂದು ಹೇಳಲಾರೆ. ಜಿನುಗುಮಳೆ ಎರಡು ದಿನ ಬಿಡುವು ಕೊಟ್ಟರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸಣ್ಣ ಕಣ್ಣಿನ ಹೂಜಿಯಿಂದ ನೀರು ಚಿಮುಕಿಸಬೇಕು. ಕೊಳವೆಯ ಧಾರೆಯನ್ನು ಹತ್ತಿರಕ್ಕೂ ತರಬಾರದು. ಮೂರು ವಾರಗಳಾದ ಮೇಲೆ ನೀರಿನ ಸರದಿಯನ್ನು ವಿರಳ ಮಾಡಿ ಪ್ರಮಾಣವನ್ನು ಹೆಚ್ಚಿಸಿದರೆ ಬೇರು ಕೆಳಕ್ಕೆ ಇಳಿಯುತ್ತದೆ.

ಮೊದಲ ಕೊಯ್ಲು ಹುಲ್ಲು ಎರಡು ಅಂಗುಲ ದಾಟಿದಾಗ, ಸಾಮಾನ್ಯವಾಗಿ ಐದಾರು ವಾರಕ್ಕೆ. ಎತ್ತರದ ಮೂರರಲ್ಲೊಂದು ಭಾಗವನ್ನಷ್ಟೇ ತೆಗೆಯಬೇಕು. ಕುಡುಗೋಲು ಹರಿತವಾಗಿರಬೇಕು, ಮೊಂಡಾದರೆ ಎಳೆಗಿಡ ಬೇರುಸಹಿತ ಕಿತ್ತುಬರುತ್ತದೆ. ಕೊಯ್ದದ್ದು ಯಾರದಾದರೂ ಹಸುವಿಗೆ ಹೋಗಲಿ. ದನವನ್ನು ಹೊರಗಿಟ್ಟ ಹುಲ್ಲು ಹೀಗೆ ದನದ ಬಾಯಿಗೇ ಸೇರುವುದು ನಮ್ಮ ಕಡೆಯ ತಿದ್ದುಪಡಿ.

ನಾಲ್ಕು ತಾಲ್ಲೂಕುಗಳಿಗೂ ಒಂದೇ ಲೆಕ್ಕ ಸಲ್ಲದು. ಚಿಕ್ಕಬಳ್ಳಾಪುರವು ಸಮುದ್ರಮಟ್ಟದಿಂದ 900 ಮೀಟರಿಗೂ ಮಿಕ್ಕ ಎತ್ತರದಲ್ಲಿದ್ದರೆ, ಉತ್ತರ ಪಿನಾಕಿನಿಯ ಬಯಲಿನ ಗೌರಿಬಿದನೂರು 700 ಮೀಟರಿನ ಆಸುಪಾಸಿನಲ್ಲಿದೆ. ಅಲ್ಲಿನ ಬೇಸಗೆ ಹೆಚ್ಚು ತೀಕ್ಷ್ಣ. ಚಿಂತಾಮಣಿ, ಶಿಡ್ಲಘಟ್ಟಗಳು ಎತ್ತರದಲ್ಲಿ ಇವೆರಡರ ನಡುವಿನವು. ಬಿತ್ತುವ ಕಾಲ ಎಲ್ಲೆಡೆಯೂ ಸರಿಸುಮಾರು ಒಂದೇ ಆದರೂ, ಗೌರಿಬಿದನೂರಿನಲ್ಲಿ ಮಧ್ಯಾಹ್ನದ ನೆರಳು ದೊರೆಯುವ ಪೂರ್ವದಿಕ್ಕಿನ ಅಂಗಳವನ್ನು ಆರಿಸುವುದು ಜಾಣತನ. ಪೂರ್ಣ ನೆರಳಿನಲ್ಲಿ, ಉದಾಹರಣೆಗೆ ಹೊಂಗೆಯ ಕೆಳಗೆ, ಗರಿಕೆ ಎಲ್ಲಿಯೂ ನಿಲ್ಲುವುದಿಲ್ಲ.

ಉಳಿದದ್ದು ನೀರಿನ ಪ್ರಶ್ನೆ; ಅದನ್ನು ಬಿಟ್ಟು ಈ ವಿಷಯವನ್ನು ಬರೆಯುವುದು ಪ್ರಾಮಾಣಿಕತೆಯಾಗದು. ನದಿಗಳು ಹುಟ್ಟುವ ನಂದಿಯ ಸುತ್ತಿನ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಸಾವಿರ ಅಡಿ ಮೀರಿ ಕೊರೆದ ಕೊಳವೆಬಾವಿಗಳನ್ನು ನಾವೆಲ್ಲ ಬಲ್ಲೆವು. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಸಂಸ್ಕರಿಸಿ ಕಂದವಾರ ಮೊದಲಾದ ಕೆರೆಗಳಿಗೆ ತುಂಬಿಸುವ ಯೋಜನೆ ಈಚಿನ ವರ್ಷಗಳಲ್ಲಿ ಬಂದಿರುವುದು ಅಂತರ್ಜಲದ ಈ ದುಃಸ್ಥಿತಿಯಿಂದಲೇ. ಇಂಥಲ್ಲಿ ನೂರು ಚದರ ಮೀಟರಿನ ಗರಿಕೆಯನ್ನು ಬೇಸಗೆಯುದ್ದಕ್ಕೂ ಹಸಿರಾಗಿಡಬೇಕೆಂದರೆ ದಿನಕ್ಕೆ ನಾಲ್ಕು ಮಿಲಿಮೀಟರಿನಂತೆ 400 ಲೀಟರು ಬೇಕು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಗೊತ್ತುಮಾಡಿರುವುದು 55 ಲೀಟರು. ಅಂದರೆ ನಮ್ಮ ಹುಲ್ಲು ಏಳು ಜನರ ಪಾಲನ್ನು ಕುಡಿಯುತ್ತದೆ. ಫೆಬ್ರವರಿಯಿಂದ ಮೇ ನಡುವಿನವರೆಗಿನ ನೂರು ದಿನಗಳಿಗೆ ನಲವತ್ತು ಸಾವಿರ ಲೀಟರು, ನಾಲ್ಕು ಸಾವಿರ ಲೀಟರಿನ ಟ್ಯಾಂಕರಾದರೆ ಹತ್ತು. ಹುಲ್ಲು ಕೇಳಿದ ವಿದ್ಯಾರ್ಥಿಗಳಿಂದಲೇ ಈ ಲೆಕ್ಕವನ್ನು ಮಾಡಿಸಿದೆ. ಅವರಲ್ಲಿ ಹಲವರ ಮನೆಗೆ ಬೇಸಗೆಯಲ್ಲಿ ನೀರು ಟ್ಯಾಂಕರಿನಲ್ಲಿಯೇ ಬರುತ್ತದೆ. ತರಗತಿ ಸ್ವಲ್ಪ ಹೊತ್ತು ಮೌನವಾಯಿತು.

ಆದರೆ ಗರಿಕೆಗೆ ಒಂದು ಗುಣವಿದೆ. ನೀರು ನಿಂತರೆ ಅದು ಸಾಯುವುದಿಲ್ಲ, ಕಂದಾಗಿ ಮಲಗುತ್ತದೆ. ಮಣ್ಣಿನೊಳಗಿನ ಬಳ್ಳಿ ಜೀವ ಹಿಡಿದಿದ್ದು ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಮೊದಲ ವರ್ಷ ಬೇರು ಇಳಿಯುವವರೆಗೆ ಬೇಸಗೆಯಲ್ಲಿ ಎರಡು ವಾರಕ್ಕೊಮ್ಮೆ ನೆನೆಸಿದರೆ ಸಾಕು. ಆಮೇಲೆ ಅದೂ ಕಡ್ಡಾಯವಲ್ಲ. ವರ್ಷದ ಮೂರು ತಿಂಗಳು ಹುಲ್ಲುಹಾಸು ರಾಗಿ ಕೊಯ್ದ ಹೊಲದ ಬಣ್ಣಕ್ಕಿರುತ್ತದೆ ಎಂಬುದನ್ನು ಒಪ್ಪಿಕೊಂಡವರು ಮಾತ್ರ ಇಲ್ಲಿ ಅದನ್ನು ಬೆಳೆಸಬೇಕು. ಹಸಿರೇ ಬೇಕೆನ್ನುವವರು ಚಾವಣಿಯ ಮಳೆನೀರಿಗೆ ತೊಟ್ಟಿ ಕಟ್ಟಿಕೊಳ್ಳಲಿ: ಮುನ್ನೂರು ಚದರ ಮೀಟರಿನ ಚಾವಣಿಯ ಮೇಲೆ ವರ್ಷಕ್ಕೆ ಎರಡು ಲಕ್ಷ ಲೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ.

ಈ ಲೆಕ್ಕದ ಮೇಲೆ ನಮ್ಮ ವಿದ್ಯಾರ್ಥಿಗಳೇ ಹಾಸಿನ ಅಳತೆಯನ್ನು ಅರ್ಧಕ್ಕೆ ಇಳಿಸಿದರು. ಉಳಿದ ಐವತ್ತು ಚದರ ಮೀಟರಿನಲ್ಲಿ ಅಂಚಿಗೆ ಹೊಂಗೆ, ನಡುವೆ ಕಣಗಿಲೆ ನೆಟ್ಟಿದೆ. ಕಳೆದ ಏಪ್ರಿಲಿನಲ್ಲಿ ಹಾಸು ಪೂರ್ತಿ ಕಂದಾಗಿತ್ತು. ಮೇ ಕೊನೆಯಲ್ಲಿ ಎರಡು ಮಳೆ ಬಿದ್ದ ಆರನೆಯ ದಿನ ಬುಡದಲ್ಲಿ ಹಸಿರು ಕಾಣಿಸಿತು. ನಾನು ಬೀಜ ಎರಚಿದ ಭಾಗದಲ್ಲಿ ಇನ್ನೂ ಮೂರು ಬೋಳುಗಳಿವೆ. ಪುಷ್ಯದಲ್ಲಿ ಅವನ್ನು ಮರುಬಿತ್ತಬೇಕೆಂದಿದೆ. ಬುಟ್ಟಿ ಹಿಡಿಯಲು ಆ ತಾತನವರನ್ನೇ ಕೇಳಿಕೊಂಡಿದ್ದೇವೆ.